ಆಷಾಢದ ಬಾಗಿನ

ಶ್ರೀರಾಂಪುರ, ಮೈಸೂರು
೬ ಆಗಸ್ಟ್ ೧೯೯೯

ತಮ್ಮ ಮೃತ್ಯುಂಜಯನಿಗೆ ಅಕ್ಕನ ಆಶೀರ್ವಾದಗಳು.

ಆರೋಗ್ಯ ಹೇಗಿದೆಯಪ್ಪಾ? ಟಿಕೆಟ್ಟಿಗಾಗಿ ಬೆಂಗಳೂರಿನಲ್ಲಿ ನಾಯಕರ ಮನೆಬಾಗಿಲು ಕಾಯ್ದೂ ಕಾಯ್ದೂ ನಿನಗೆ ಸೊಂಟ ಹಿಡಿದಿದೆ ಎಂದು ನಿನ್ನ ಡ್ರೈವರ್ ದೇವರಾಜು ಹೇಳಿದ. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಸಿಕೋ. ನಿಮ್ಮ ಭಾವನಿಗೆ ಕೆಮ್ಮು ಇನ್ನೂ ಬಿಟ್ಟಿಲ್ಲ. ನಮ್ಮ ನಲ್ಲಿಯಲ್ಲಿ ನೀರು ಕಂಡು ಯಾವ ಕಾಲವಾಯಿತೋ, ಬೋರ್‌ವೆಲ್ಲಿನ ಉಪ್ಪುನೀರಿನಲ್ಲೇ ಬೇಳೆ ಬೇಯಿಸುತ್ತಿದ್ದೇನೆ.

ಕೊನೆಗೂ ಟಿಕೆಟ್ ನಮ್ಮ ಕ್ಷೇತ್ರಕ್ಕೇ ಸಿಕ್ಕಿತಂತೆ. ಸಂತೋಷ ಎಂದು ಬರೆಯಲು ಕೈ ಬರುತ್ತಿಲ್ಲ. ಪಕ್ಕದ ಕ್ಷೇತ್ರದಲ್ಲಿ ಐದು ವರ್ಷ ಶಾಸಕನಾಗಿ ಮೆರೆದೆ. ಈಗ ಅಲ್ಲಿಯವರು ಊರೊಳಕ್ಕೇ ಬಿಟ್ಟುಕೊಳ್ಳುತ್ತಿಲ್ಲ, ಅದಕ್ಕೇ ಅಕ್ಕನ ಬಡಾವಣೆ ನೆನಪಾಯಿತು. ವಿಧಾನಸಭೆಯಲ್ಲಿ ಒಂದು ದಿನವಾದರೂ ಆ ಜನಕ್ಕಾಗಿ ಬಾಯಿ ಬಿಟ್ಟೆಯಾ? ಚಿಕ್ಕವನಿದ್ದಾಗ ಹೋಳಿಗೆಗೆ ತುಪ್ಪ ಕಡಿಮೆಯಾದರೆ ಬೀದಿಗೆಲ್ಲ ಕೇಳುವಂತೆ ಅರಚುತ್ತಿದ್ದ ಮುದ್ದು ಮುಂಡೇದು ನೀನು. ಆ ಗಂಟಲು ಎಲ್ಲಿ ಹೋಯಿತೋ?

ಇರಲಿ. ನನ್ನ ಹೊಟ್ಟೆಯುರಿ ಬೇರೆಯೇ ಇದೆ. ಅವ್ವ ಹೋದ ಮೇಲೆ ಗೌರಿ ಹಬ್ಬಕ್ಕೆ ತವರಿನ ಬಾಗಿನ ನಿಂತೇ ಹೋಯಿತು. ಪ್ರತಿ ವರ್ಷ ನೀನು ಬರುತ್ತೀಯೇನೋ ಎಂದು ಬಾಗಿಲಲ್ಲಿ ನಿಂತು ನೋಡಿದವಳು ನಾನು. ಬಳೆ, ರವಿಕೆ ಕಣಕ್ಕೆ ನನಗೇನು ಬಡತನವಾ? ಮೊರ ಬಂದರೆ ತವರು ಇನ್ನೂ ಇದೆ ಎಂಬ ಧೈರ್ಯ, ಅಷ್ಟೇ ಕಣೋ. ಅದಕ್ಕೆ ನಿನಗೆ ಪುರುಸೊತ್ತಿರಲಿಲ್ಲ. ಮೊನ್ನೆ ನೋಡಿದರೆ ಲಾರಿಯಲ್ಲಿ ಮೊರ ತುಂಬಿಸಿ, “ನಿಮ್ಮ ತಮ್ಮ ಕಳಿಸವ್ರೆ ಕಣಕ್ಕಾ” ಎಂದು ಮನೆಮನೆಗೂ ಹಂಚಿಸಿದ್ದೀಯ. ನನಗೂ ಸಾಲಿನಲ್ಲಿ ಒಂದು ಸಿಕ್ಕಿತು. ಮೊರದಲ್ಲಿ ಬಳೆಯ ಕೆಳಗೆ ಕೈಮುಗಿದುಕೊಂಡು ನಿಂತ ನಿನ್ನ ಫೋಟೋ!

ಅದೂ ಎಂಥ ತಿಂಗಳಲ್ಲಿ? ಆಷಾಢದಲ್ಲಿ! ಮತದಾನ ಹಬ್ಬಕ್ಕಿಂತ ಮುಂಚೆ ಬಂತೆಂದು ಗೌರಿಯನ್ನೇ ಭಾದ್ರಪದದಿಂದ ಹಿಂದಕ್ಕೆ ಎಳೆದುಬಿಟ್ಟೆಯಾ? ಅವ್ವ ಇದ್ದಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದಳು. ಪಕ್ಕದ ಮನೆಯ ಚಲುವಮ್ಮ ಅವತ್ತೇ ಓಡಿಬಂದು, “ಅಕ್ಕೋರೇ, ಆಷಾಡದಲ್ಲಿ ಯಾರಾದ್ರೂ ಬಾಗ್ನ ಕೊಟ್ಟಾರಾ? ಇಟ್ಕೊಂಡ್ರೆ ಮನೆಗೆ ಏನಾದ್ರೂ ಆದೀತು, ಎಸೆದ್ರೆ ಅರಿಶ್ನ ಕುಂಕುಮ ಎಸೆದಂಗಾಯ್ತದೆ” ಎಂದು ಕಣ್ಣಲ್ಲಿ ನೀರು ಹಾಕಿಕೊಂಡಳು. ನಿನ್ನ ಅಕ್ಕ ನಾನಲ್ಲವೇ, ಮೊರವನ್ನು ನನ್ನ ಜಗಲಿಯಲ್ಲೇ ಇಟ್ಟು ಹೋದಳು. ಅವಳನ್ನು ನೋಡಿ ಬೀದಿಗೆ ಬೀದಿಯೇ ಮೊರ ಹೊತ್ತುಕೊಂಡು ಬಂತು. ಈಗ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ನಿಮ್ಮ ಭಾವ ಅಡುಗೆಮನೆ ಬಾಗಿಲಿನಿಂದ ಓಡಾಡುತ್ತಿದ್ದಾರೆ. ಬಂದ ಹೆಂಗಸರು ಹಾಗೇ ಹೋಗಲಿಲ್ಲ, ಸಂಜೆಯವರೆಗೂ ಕೂತು ನೀರಿನ ಮಾತಾಡಿದರು. ನನಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು.

ಭಾನುವಾರದ ಸಭೆಯಲ್ಲಿ ನಾನು ವೇದಿಕೆ ಹತ್ತಿ “ಇವನು ನಿಮಗೂ ತಮ್ಮ” ಎನ್ನಬೇಕೆಂದು ಹೇಳಿಕಳಿಸಿದ್ದೀಯಲ್ಲ, ಬರುವುದಿಲ್ಲ. ನನಗೇ ತಮ್ಮನಾಗದವನನ್ನು ಊರಿಗೆ ಯಾವ ಬಾಯಲ್ಲಿ ತಮ್ಮ ಎನ್ನಲಿ? ನಿಮ್ಮ ಭಾವನವರು, “ಸುಮ್ನಿರೇ ಪ್ರೇಮಾ, ಇರೋ ಒಂದು ತವರನ್ನೂ ಕಳ್ಕೊಂಡ್‌ಬುಟ್ಟೀಯ” ಎನ್ನುತ್ತಾರೆ. ಇಡೀ ರಾತ್ರಿ ಅತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೂ ಬರುವುದಿಲ್ಲ.

ನಾದಿನಿಗೆ ನನ್ನ ನೆನಪು ತಿಳಿಸು, ಮಕ್ಕಳಿಗೆ ಮುತ್ತು. ಶಿವ ನಿನಗೆ ಒಳ್ಳೆಯ ಬುದ್ಧಿ ಕೊಡಲಿ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ಪ್ರೇಮಲೀಲಾ

ಮರೆತಿದ್ದೆ: ಮುಂದಿನ ವಾರ ನಾನೂ ನಾಮಪತ್ರ ಹಾಕುತ್ತಿದ್ದೇನೆ. ಪಕ್ಷವಿಲ್ಲದವರಿಗೆ ಹತ್ತು ಜನ ಸೂಚಕರು ಬೇಕಂತೆ. ಮೊರ ವಾಪಸು ಕೊಡಲು ಬಂದವರಲ್ಲೇ ಸಹಿಗೆ ನಾ ಮುಂದು ತಾ ಮುಂದು ಎಂದು ಜಗಳವಾಯಿತು. ಎಲ್ಲರಿಗಿಂತ ಮೊದಲು ಹಾಕಿದವಳು ಚಲುವಮ್ಮ. ಲಾರಿ ಕಳಿಸು, ಜಗಲಿ ಖಾಲಿಯಾಗಬೇಕು. ನಾಳೆಯಿಂದ ಜನ ಬಂದು ಕೂರುತ್ತಾರೆ.