ಬೀಜಕ್ಕೆ ಬಿಟ್ಟ ಸೋರೆಕಾಯಿ

ಬಾಣಾವರ
ಮೇ ೨೨, ಗುರುವಾರ ಬೆಳಿಗ್ಗೆ

ಅತ್ತೆಯವರಿಗೆ,

ನಿಮ್ಮ ಸೊಸೆ ನಯನಾಳ ನಮಸ್ಕಾರ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ಐದನೇ ಕ್ಲಾಸಿನ ನಂತರ ಅಂಗಡಿ ಚೀಟಿ ಬಿಟ್ಟು ಬೇರೇನೂ ಬರೆದವಳಲ್ಲ. ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ನನಗೇ ಗೊತ್ತಿಲ್ಲ. ಮೇಘಶ್ರೀ, ನೀನೇ ತಿದ್ದಿಕೊಂಡು ನಿನ್ನ ಅಮ್ಮನಿಗೆ ಓದಿ ಹೇಳು. ಆದರೆ ಮೆಲ್ಲಗೆ ಓದು. ನಿನ್ನ ಗಂಡನ ಮನೆಯವರು ಯಾರಾದರೂ ಹತ್ತಿರ ಕೂತಿದ್ದರೆ ಈಗಲೇ ನಿಲ್ಲಿಸಿ, ಅವರು ಎದ್ದು ಹೋದ ಮೇಲೆ ಓದು. ಫೋನಿನಲ್ಲಿ ಹೇಳಬಹುದಿತ್ತು. ನಮ್ಮ ಮನೆಯ ಫೋನು ಜಗಲಿಗೆಲ್ಲ ಕೇಳುತ್ತದೆ. ಅದರಿಂದ ಆದದ್ದನ್ನೂ ಮುಂದೆ ಬರೆದಿದ್ದೇನೆ.

ಮೇಘಶ್ರೀಯ ಕಾಲಿನ ಕಟ್ಟು ಯಾವಾಗ ಬಿಚ್ಚುತ್ತಾರೆ? ನೀವು ಹುಲಿಕೆರೆಗೆ ಹೋದ ಮಾರನೆಯ ದಿನ, ಶನಿವಾರ, ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಬೇಸಿಗೆ ಅಂತ ಅನ್ನಿಸುವುದೇ ಇಲ್ಲ. ಒಗೆದ ಬಟ್ಟೆಯನ್ನು ಅಡುಗೆಮನೆಯಲ್ಲೇ ಹರವುತ್ತಿದ್ದೇನೆ. ಹಿತ್ತಲಿನಲ್ಲಿ ನೀರು ನಿಂತು ಮೆಣಸಿನ ಸಸಿಯೆಲ್ಲ ಮಲಗಿತ್ತು. ಗುದ್ದಲಿ ಹಿಡಿದು ಕಾಲುವೆ ತೋಡಿದೆ. ಮೆಣಸು ಉಳಿಯಿತು. ಸೇವಂತಿಗೆಯೂ ಉಳಿದೀತು. ಸೋರೆಬಳ್ಳಿ ಉಳಿಯಲಿಲ್ಲ. ಬುಡವೇ ಕೊಳೆತುಹೋಯಿತು, ಹೀಚುಗಳೆಲ್ಲ ಉದುರಿದವು.

ಇನ್ನು ಆ ಕಾಯಿಯ ವಿಷಯ ಹೇಳಲೇಬೇಕು.

ಮೊದಲ ಕಾಯಿ ಬೀಜಕ್ಕೆ ಅಂತ ನೀವು ಅದರ ತೊಟ್ಟಿಗೆ ಹಳೇ ಸೀರೆಯ ಕೆಂಪು ಚೂರು ಕಟ್ಟಿದ್ದಿರಿ. ಬೇಲೂರಿನ ಕಡೆಯ ನಿಮ್ಮ ಅಮ್ಮನ ಮನೆಯಿಂದ ಬಂದ ಬೀಜ, ಈ ವರ್ಷ ಬೀಜ ಇಡುವ ಬುರುಡೆ ಖಾಲಿ ಮಾಡಿ ಬಿತ್ತಿದ್ದೀನಿ, ಇದೊಂದನ್ನು ಮುಟ್ಟಬೇಡ ಅಂತ ಬಸ್ಸು ಹತ್ತುವಾಗಲೂ ಹೇಳಿದಿರಿ. ಅದನ್ನು ಕಿತ್ತದ್ದು ನೀವು ಅಂದುಕೊಂಡ ಹಾಗೆ ಪಕ್ಕದ ಮನೆಯ ಗಿಡ್ಡಮ್ಮತ್ತೆ ಅಲ್ಲ. ನಾನು.

ಭಾನುವಾರ ಮಳೆಯಲ್ಲಿ ನೆನೆದುಕೊಂಡು ನಮ್ಮ ಅಣ್ಣ ಬಂದಿದ್ದ. ಸಂತೆಗೆ ಹೋಗಿರಲಿಲ್ಲ, ಮನೆಯಲ್ಲಿ ಈರುಳ್ಳಿಯೂ ಇರಲಿಲ್ಲ. ಕಾಯಿ ಇನ್ನೂ ಎಳೆಯದಾಗೇ ಕಾಣುತ್ತಿತ್ತು. ಕಿತ್ತು, ತುರಿದು, ಅಕ್ಕಿಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿದೆ. ಹೆಚ್ಚುವಾಗ ನೋಡಿದೆ, ಬೀಜ ಇನ್ನೂ ಹಾಲುಹಾಲಾಗಿತ್ತು, ಉಗುರು ತಾಗಿಸಿದರೆ ಒಡೆಯುತ್ತಿತ್ತು. ಇನ್ನೊಂದು ತಿಂಗಳು ಬಳ್ಳಿಯಲ್ಲೇ ಇರಬೇಕಿತ್ತು. ಆದರೂ ರೊಟ್ಟಿ ತಟ್ಟಿದೆ.

ಸಂಜೆ ನಿಮ್ಮ ಮಗ ತೋಟದಿಂದ ಬಂದವರು ಹಿತ್ತಲಿಗೆ ಹೋಗಿ, "ಕಾಯಿ ಎಲ್ಲೇ?" ಅಂದರು. ನಾನು, "ಗಿಡ್ಡಮ್ಮತ್ತೆ ಬೆಳಿಗ್ಗೆ ಕರಿಬೇವಿಗೆ ಬಂದಿದ್ರು" ಅಂದೆ. ಅಷ್ಟೇ ಅಂದದ್ದು. ಅವರು ಬಂದಿದ್ದದ್ದೂ ನಿಜ. ನಿಜವನ್ನೇ ಹೇಳಿದೆ ಅಂತ ನಾಲ್ಕು ದಿನ ನನಗೆ ನಾನೇ ಹೇಳಿಕೊಂಡೆ.

ಇವರು ಜಗಲಿಯಲ್ಲಿ ನಿಂತೇ ನಿಮಗೆ ಫೋನು ಮಾಡಿದರು. ನೀವು, "ಅವಳ ಕೈ ಎಲ್ಲಿ ಸುಮ್ನಿರ್ತೈತೆ? ಆ ಕಂಡೀಗೆ ಮುಳ್ಳು ಜಡಿಯೋ" ಅಂದಿರಿ. ಗಿಡ್ಡಮ್ಮತ್ತೆ ಬೇಲಿಯಾಚೆ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ಕೈಯಲ್ಲಿದ್ದ ಹುಲ್ಲು ಹಾಗೇ ಹಿಡಿದು ನಿಂತುಬಿಟ್ಟರು. ನಾನು ಒಳಗೆ ಹೋಗಿ ಪಾತ್ರೆ ತೊಳೆಯುವವಳ ಹಾಗೆ ಸದ್ದು ಮಾಡಿದೆ. ಸೋಮವಾರ ಇವರು ಬೇಲಿಯ ಕಂಡಿಗೆ ಜಾಲಿಮುಳ್ಳು ತುಂಬಿದರು. ನಾನು ಈ ಮನೆಗೆ ಬಂದ ದಿನದಿಂದ ಗಿಡ್ಡಮ್ಮತ್ತೆ ಆ ಕಂಡಿಯಿಂದಲೇ ಬಂದು ಹೋಗುತ್ತಿದ್ದರು. ನನಗೆ ಜ್ವರ ಬಂದಾಗ ಗಂಜಿ ತಂದದ್ದೂ ಅಲ್ಲಿಂದಲೇ.

ಇವತ್ತು ಇವರು ತೋಟಕ್ಕೆ ಹೋದ ಮೇಲೆ ಮುಳ್ಳು ಎಳೆದು ಹಾಕಿದೆ. ಗಿಡ್ಡಮ್ಮತ್ತೆ ಅಂಗಳದ ನೀರು ಗುಡಿಸುತ್ತಿದ್ದವರು ನೋಡುತ್ತಾ ನಿಂತರು. ಕೊನೆಗೆ, "ಅತ್ತೆ, ಕಾಯಿ ಕಿತ್ತಿದ್ದು ನಾನೇ" ಅಂದೆ.

"ಗೊತ್ತು ಕಣೇ" ಅಂದರು. "ರೊಟ್ಟಿ ವಾಸ್ನೆ ನಮ್ಮ ಕೊಟ್ಟಿಗೆ ಗಂಟ ಬಂದಿತ್ತು. ನನ್ನ ಕಿವಿ ಕೇಳ್ಸಾಕಿಲ್ಲ, ಮೂಗು ಚೆನ್ನಾಗೈತೆ."

ಅವರ ಕಿವಿ ಚೆನ್ನಾಗಿಯೇ ಕೇಳುತ್ತದೆ, ಅತ್ತೆ. ನೀವು ಫೋನಿನಲ್ಲಿ ಅಂದದ್ದು ಕೇಳಿಸಿಲ್ಲ ಅಂತ ತೋರಿಸಲಿಕ್ಕೇ ಹಾಗೆ ಹೇಳಿದರು. ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಅಂದೆ. "ನೀನು ಈ ಮನೇಲಿ ಬಾಳ್ಬೇಕಾದವಳು, ನಾನು ಬೇಲಿಯಾಚೆಯವಳು" ಅಂದರು.

ಅದೇ ಬೀಜ ಅವರ ಹತ್ತಿರ ಇದೆ. ಎರಡು ವರ್ಷದ ಹಿಂದೆ ನೀವೇ ಕೊಟ್ಟಿದ್ದಂತೆ. ನಾಲ್ಕು ಬೀಜ ಕೊಡಿ ಅಂತ ಸೆರಗು ಒಡ್ಡಿದೆ. "ನಿನ್ನ ಕೈಗೆ ಕೊಡಾಕಿಲ್ಲ. ನಿಮ್ಮತ್ತೆ ಬಂದು ನನ್ನ ಬಾಗಿಲಲ್ಲಿ ನಿಂತು ಕೇಳ್ಲಿ, ಕೊಡ್ತೀನಿ" ಅಂದರು.

ಅತ್ತೆ, ನಿಮಗೆ ಇದನ್ನು ಹೇಳುವಷ್ಟು ದೊಡ್ಡವಳಲ್ಲ ನಾನು. ಆದರೂ ಊರಿಗೆ ಬಂದ ಮೇಲೆ ಒಂದು ಸಲ ಅವರ ಬಾಗಿಲಿಗೆ ಹೋಗಿ. ಆ ಮಾತು ನಿಮ್ಮ ಬಾಯಿಂದ ಬಂದದ್ದು ನನ್ನಿಂದ. ನಾನೂ ನಿಮ್ಮ ಹಿಂದೆಯೇ ಬಂದು ನಿಲ್ಲುತ್ತೇನೆ. ಇವರಿಗೆ ಇನ್ನೂ ಹೇಳಿಲ್ಲ. ಸಂಜೆ ಕಂಡಿ ನೋಡಿ ಕೇಳುತ್ತಾರೆ, ಆಗ ಹೇಳುತ್ತೇನೆ.

ನಮ್ಮೂರಿನ ಮರಿಯಣ್ಣನವರು ಹಳೇಬೀಡಿಗೆ ಹೊರಟಿದ್ದಾರೆ, ಹುಲಿಕೆರೆಗೂ ಬರುತ್ತಾರಂತೆ. ಕವರಿಗೆ ಅನ್ನದ ಅಗುಳು ಹಚ್ಚಿ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಕೆಂಪು ಚೂರನ್ನು ಅಕ್ಕಿ ಡಬ್ಬದ ಅಡಿಯಲ್ಲಿ ಬಚ್ಚಿಟ್ಟಿದ್ದೆ. ಅದೂ ಇದರೊಳಗಿದೆ.

ನಿಮ್ಮ ಮುಖ ನೋಡಲು ನಾಚುತ್ತಿರುವ ಸೊಸೆ,
ನಯನಾ

ಮರೆತದ್ದು: ಮರೆತದ್ದಲ್ಲ, ಬರೆಯಲು ಆಗಲಿಲ್ಲ. "ಅವತ್ತು ಯಾರು ಬಂದಿದ್ರೇ?" ಅಂತ ಗಿಡ್ಡಮ್ಮತ್ತೆ ಬೆಳಿಗ್ಗೆ ಕೇಳಿದರು. ಅವರಿಗೆ ನಿಜ ಹೇಳಿ ನಿಮಗೆ ಸುಳ್ಳು ಬರೆದಿದ್ದೇನೆ. ಅಣ್ಣ ಬಂದಿರಲಿಲ್ಲ. ಯಾರೂ ಬಂದಿರಲಿಲ್ಲ. ಮಳೆ ಹುಯ್ಯುತ್ತಿತ್ತು, ಬಿಸಿ ರೊಟ್ಟಿ ತಿನ್ನಬೇಕು ಅನ್ನಿಸಿತು. ಮೂರು ರೊಟ್ಟಿ ತಟ್ಟಿ, ಒಲೆಯ ಮುಂದೆ ಕೂತು ನಾನೊಬ್ಬಳೇ ತಿಂದೆ. ಇವತ್ತು ಗಿಡ್ಡಮ್ಮತ್ತೆ ಒಳಗೆ ಹೋದ ಮೇಲೆ ಒಂದು ಹಿಡಿ ಕರಿಬೇವು ಕಿತ್ತು ಕಂಡಿಯ ಪಕ್ಕದ ಕಲ್ಲಿನ ಮೇಲೆ ಇಟ್ಟು ಬಂದೆ. ಈಗ ಹೋಗಿ ನೋಡಿದೆ. ಇನ್ನೂ ಅಲ್ಲೇ ಇದೆ, ನೆನೆಯುತ್ತಿದೆ.