ಉಗುರಿಗೆ ಹಚ್ಚಿದ ಅರಿಶಿನ

೧೭ ನವೆಂಬರ್, ಸೋಮವಾರ. ಸಂಜೆ

ದೀಪ ಹಚ್ಚುವ ಮುಂಚೆಯೇ ಆಟೋ ನಮ್ಮೂರು ಮಾಂಬಳ್ಳಿ ಮುಟ್ಟಿತು. ಆರತಿ ಎತ್ತಿ ತಾಯಿ ಮಗುವನ್ನು ಒಳಗೆ ಕರೆದುಕೊಂಡೆ. ಹೆಣ್ಣು ಮಗು. ಮೂರು ಕೆಜಿಗೆ ನೂರು ಗ್ರಾಂ ಕಮ್ಮಿ. ನಿನ್ನೆ ರಾತ್ರಿ ಎಂಟಕ್ಕೆ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಹುಟ್ಟಿತು. ಸೊಸೆ ಕೋಮಲನಿಗೆ ತಾಯಿಯಿಲ್ಲ, ತವರು ರಾಮಾಪುರದಲ್ಲಿ ಬಾಣಂತನ ಮಾಡುವವರಿಲ್ಲ. ಚೊಚ್ಚಲಾದರೂ ನಮ್ಮ ಮನೆಯಲ್ಲೇ, ನನ್ನ ಕೈಯಲ್ಲೇ.

ನರ್ಸು ಬಿಡಲೊಲ್ಲಳು. ಎರಡು ದಿನ ಇರಬೇಕಂತೆ. ಆಗದಿದ್ದರೆ ರಾತ್ರಿ ಎಂಟರವರೆಗಾದರೂ. ಇಪ್ಪತ್ತನಾಲ್ಕು ಗಂಟೆ ತುಂಬಿದ ಮೇಲೆ ಮಗುವಿನ ಕಾಲಿಗೆ ಒಂದು ಕ್ಲಿಪ್ಪು ಹಾಕಿ ನೋಡಬೇಕಂತೆ. ಎರಡು ನಿಮಿಷದ ಕೆಲಸವಂತೆ.

"ಕ್ಲಿಪ್ಪು ಆಕಕ್ಕೆ ಇದೇನು ಒಣಗಾಕೋ ಬಟ್ಟೇನಾ?" ಅಂದೆ. ವಾರ್ಡೆಲ್ಲ ನಕ್ಕಿತು.

ನಾಳೆ ಮಂಗಳವಾರ. ಬುಧವಾರಕ್ಕೆ ಅಮಾವಾಸ್ಯೆ ಹಿಡಿಯುತ್ತದೆ. ದೀಪ ಹಚ್ಚಿದ ಮೇಲೆ ಹಸುಗೂಸನ್ನು ಹೊಸ್ತಿಲು ದಾಟಿಸುವ ಹಾಗಿಲ್ಲ. ಮತ್ತೆ ಯಾವಾಗ ಬರೋದು? ಮಗ ಶಾಂತರಾಜು ತಲೆ ಕೆರೆದುಕೊಂಡ. ಆಮೇಲೆ ನರ್ಸು ಕೊಟ್ಟ ಕಾಗದಕ್ಕೆ ಸೈನು ಹಾಕಿದ — ನಮ್ಮ ಇಷ್ಟದಿಂದಲೇ ಹೋಗುತ್ತಿದ್ದೇವೆ ಅಂತ. ನಾಲ್ಕಕ್ಕೆ ಹೊರಟೆವು.

೧೮ ನವೆಂಬರ್

ಎರೆದೆ. ಕಾಲು ನೀಡಿ ಕೂತು, ಮಗುವನ್ನು ಮೊಣಕಾಲ ಕೆಳಗೆ ಮಲಗಿಸಿಕೊಂಡು, ಹರಳೆಣ್ಣೆ ತೀಡಿ, ಅರಿಶಿನ ತೊಡೆದು, ಏಳು ಚೊಂಬು. ಅತ್ತಿದ್ದು ಸಾಲದು. ಸಾಧು ಮಗು ಅಂದುಕೊಂಡೆ. ಸಾಂಬ್ರಾಣಿ ಹಾಕಿ ಕೋಣೆಯ ಕಿಟಕಿ ಮುಚ್ಚಿದೆ.

ಇದು ನೂರಾ ಹದಿಮೂರನೆಯ ಮಗು. ಊರಿನ ಮಕ್ಕಳೆಲ್ಲ ನನ್ನ ಕಾಲ ಮೇಲೆ ಬಿದ್ದೇ ಬೆಳೆದದ್ದು. ಹಳೆಯ ಡೈರಿಗಳಲ್ಲಿ ಎಲ್ಲರ ಹೆಸರೂ ಇದೆ. ಓದಿದ್ದು ನಾಲ್ಕನೆಯ ಕ್ಲಾಸಾದರೂ ಅಷ್ಟು ಬರೆದಿದ್ದೇನೆ.

೧೯ ನವೆಂಬರ್

ಆಶಾ ಕಾರ್ಯಕರ್ತೆ ಪ್ರೇಮಾ ಬಂದಿದ್ದಳು. ಬ್ಯಾಗು, ತಕ್ಕಡಿ, ಟಾರ್ಚು.

"ದೊಡ್ಡಬಸವ್ವ, ಮೂರ್ನೇ ದಿನ ಕಣವ್ವ. ಮಗೀನ ಒಂದ್ಗಳಿಗೆ ಬೆಳಕ್ಗೆ ತಕಬನ್ನಿ. ನೋಡ್ಬುಟ್ಟು ಓಯ್ತೀನಿ."

"ಪುರುಡು ಕಳೀಲಿ, ಅನ್ನೊಂದ್ರ ದಿನ ಬಾ. ನಿನ್ನೂ ನಾನೇ ಕಣೇ ಎರ್ದಿದ್ದು. ಆಗೇನು ಟಾರ್ಚು ಬುಟ್ಟು ನೋಡಿದ್ನಾ? ಬೆಳೀಲಿಲ್ವಾ ನೀನು, ಎಮ್ಮೆ ಇದ್ದಂಗೆ?"

ನಗುತ್ತಲೇ ಹೋದಳು. ಬಾಗಿಲ ತನಕ ಬಂದವಳನ್ನು ಹಾಗೇ ಕಳಿಸಿದೆ.

೨೦ ನವೆಂಬರ್, ಗುರುವಾರ. ಅಮಾವಾಸ್ಯೆ

ಎರೆಯುವಾಗ ನೋಡಿದೆ. ಉಗುರು ನೇರಳೆ. ಹತ್ತಕ್ಕೆ ಹತ್ತೂ. ಬಚ್ಚಲು ಕತ್ತಲೆ ಅಂತ ಬಾಗಿಲು ತೆಗೆದು ಮತ್ತೆ ನೋಡಿದೆ. ನೇರಳೆಯೇ. ತುಟಿಯ ಅಂಚೂ.

ತಂಡಿಗೆ ಇರಬೇಕು. ನೀರು ಇನ್ನೊಂದಿಷ್ಟು ಬಿಸಿ ಮಾಡಿದೆ. ಬಣ್ಣ ಹೋಗಲಿಲ್ಲ.

ಹೇಳಿದರೆ ಪ್ರೇಮಾ ಬರುತ್ತಾಳೆ. ನರ್ಸು ಹೇಳಿದ ಮಾತು ಎತ್ತುತ್ತಾರೆ. ಶಾಂತರಾಜು ನನ್ನ ಮುಖ ನೋಡುತ್ತಾನೆ... ನೂರಾ ಹನ್ನೆರಡು ಮಕ್ಕಳನ್ನು ಎರೆದವಳು ನಾನು. ನನಗೆ ಗೊತ್ತಾಗುವುದಿಲ್ಲವೇ. ತಂಡಿಗೇ.

ಅರಿಶಿನ ಗಟ್ಟಿಯಾಗಿ ಕಲಸಿ ಉಗುರಿಗೂ ಹಚ್ಚಿದೆ.

"ಉಗುರ್ಗೂ ಯಾಕತ್ತೆ?" ಅಂದಳು ಕೋಮಲ.

"ನಂಜಾಗ್ದೆ ಇರ್ಲಿ ಅಂತ. ನೀನು ಮಲೀಕೊ."

೨೧ ನವೆಂಬರ್

ಉಗುರಿಗೆ ಇನ್ನೊಂದು ಸಲ ಅರಿಶಿನ. ಹಾಲು ಕುಡಿಯುತ್ತಾ ನಿಲ್ಲಿಸಿ ನಿಲ್ಲಿಸಿ ಏದುತ್ತದೆ. ಹನ್ನೊಂದರ ದಿನಕ್ಕೆ ಇನ್ನು ಐದೇ ದಿನ. ಅಷ್ಟರಲ್ಲಿ ಸರಿಹೋಗುತ್ತದೆ.

೨೩ ನವೆಂಬರ್, ಭಾನುವಾರ. ಮೈಸೂರು

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಡೈರಿ ಯಾಕೆ ತಂದೆನೋ ಗೊತ್ತಿಲ್ಲ. ಬ್ಯಾಗಿನಲ್ಲಿತ್ತು.

ನಿನ್ನೆ ಬೆಳಿಗ್ಗೆ ಎರೆಯಲು ಎತ್ತಿಕೊಂಡರೆ ಮಗು ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಮುಖವೆಲ್ಲ ಸೀಸದ ಬಣ್ಣ. ಅರಿಶಿನದಲ್ಲಿ ಮುಚ್ಚುವ ಬಣ್ಣವಲ್ಲ ಅದು. ಕೂಗಿಕೊಂಡೆ. ಆ ಕೂಗಿಗೆ ಬೀದಿಯೆಲ್ಲ ಬಂತು. ಕೊಳ್ಳೇಗಾಲದಲ್ಲಿ ಆಕ್ಸಿಜನ್ ಕೊಟ್ಟು ಆಂಬುಲೆನ್ಸಿನಲ್ಲಿ ಇಲ್ಲಿಗೆ ಕಳಿಸಿದರು. ದಾರಿಯಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ.

"ಮಲಗ್ಕಂಡು ಆಲು ಕುಡ್ಸಿದ್ಯೇನೇ? ನೆತ್ತಿಗತ್ತಿಸ್ಬುಟ್ಯೇನೇ?"

ಹೌದು, ಕೋಮಲ ಮಲಗಿಕೊಂಡೇ ಕುಡಿಸಿದ್ದಳು. ಹೊಲಿಗೆ ನೋವು, ಕೂರಲು ಆಗುತ್ತಿರಲಿಲ್ಲ. ಹಾಗೆ ಕುಡಿಸು ಅಂದವಳು ನಾನೇ.

ಡಾಕ್ಟರ್ ಹೆಸರು ಸಿಂಧು. ನನ್ನ ಮೊಮ್ಮಗಳಾಗುವ ವಯಸ್ಸು. ನಿನ್ನೆ ಬಂದ ಕೂಡಲೇ ಸ್ಪಿರಿಟ್ಟಿನ ಹತ್ತಿಯಿಂದ ಮಗುವಿನ ಉಗುರು ಒರೆಸಿದಳು. ಹತ್ತಿ ಹಳದಿಯಾಯಿತು. ಕೆಳಗೆ ನೇರಳೆ. ಒಂದೊಂದೇ ಉಗುರು. ಹತ್ತೂ ಒರೆಸುವವರೆಗೆ ನಾನು ನಿಂತು ನೋಡಬೇಕಾಯಿತು.

"ಬಣ್ಣ ಯಾವಾಗ ಬದಲಾಯ್ತು ಅಜ್ಜಿ? ಮೊದಲು ಯಾರು ನೋಡಿದ್ದು?"

"ನಾನೇ ಕಣವ್ವ. ಇವತ್ ಬೆಳಿಗ್ಗೆ."

ಬರೆದುಕೊಂಡಳು. ಫೈಲಿನಲ್ಲಿ ಹಾಗೇ ಇದೆ.

ಅದೇ ದಿನ, ಮಧ್ಯಾಹ್ನ

ಡಾಕ್ಟರು ಚಿತ್ರ ಬರೆದು ಹೇಳಿದಳು. ಹೊಟ್ಟೆಯಲ್ಲಿದ್ದಾಗ ಎಲ್ಲ ಮಕ್ಕಳಿಗೂ ಹೃದಯದ ಹತ್ತಿರ ಒಂದು ಸಣ್ಣ ದಾರಿ ತೆರೆದಿರುತ್ತದಂತೆ. ಹುಟ್ಟಿದ ಮೇಲೆ ಎರಡು ಮೂರು ದಿನಕ್ಕೆ ತಾನೇ ಮುಚ್ಚುತ್ತದಂತೆ. ನಮ್ಮ ಮಗುವಿಗೆ ಶ್ವಾಸಕೋಶಕ್ಕೆ ರಕ್ತ ಹೋಗುವ ದೊಡ್ಡ ದಾರಿ ಹುಟ್ಟುವಾಗಲೇ ಕಟ್ಟಿದೆ. ಆ ಸಣ್ಣ ದಾರಿಯಲ್ಲೇ ಬದುಕಿತ್ತು. ಅದೂ ಮುಚ್ಚುತ್ತಾ ಬಂತು.

ನಮ್ಮ ಕೆರೆಯ ತೂಬು ನೆನಪಾಯಿತು. ಕಾಲುವೆ ಹೂತು ಹೋಗಿ ತೂಬೊಂದರಲ್ಲೇ ಗದ್ದೆಗೆ ನೀರು. ಅದೂ ಮುಚ್ಚಿದರೆ ಗದ್ದೆ...

ಅದನ್ನು ತೆರೆದಿಡಲು ಒಂದು ಔಷಧಿ. ಸೂಜಿಯಲ್ಲಿ ಹನಿ ಹನಿಯಾಗಿ, ಬಿಡುವಿಲ್ಲದೆ. ಹೆಸರು ಬರೆಸಿಕೊಂಡೆ — ಪ್ರೊಸ್ಟಾಗ್ಲಾಂಡಿನ್. ಫ್ರಿಜ್ಜಿನಲ್ಲಿಡುತ್ತಾರೆ. ಒಂದು ಹನಿ ಕಮ್ಮಿಯಾದರೂ ಮೆಷಿನ್ ಕೂಗುತ್ತದೆ.

"ಆ ಕಾಲ್ಗೆ ಕ್ಲಿಪ್ಪು ಆಕಿ ನೋಡ್ತಾರಲ್ಲ, ಅದ್ರಲ್ಲಿ ಗೊತ್ತಾಗ್ತಿತ್ತಾ?" ಕೇಳಿದೆ.

"ಆಗ್ತಿತ್ತು ಅಜ್ಜಿ. ಇಂಥದಕ್ಕೇ ಅದನ್ನ ಮಾಡೋದು. ಮಾಡಿಸ್ಲಿಲ್ವಾ?"

ನಾಲ್ಕು ಗಂಟೆ. ಇನ್ನು ನಾಲ್ಕೇ ಗಂಟೆ ಕಾದಿದ್ದರೆ...

೨೫ ನವೆಂಬರ್

ಈ ಔಷಧಿಗೆ ಮಗು ಆಗಾಗ ಉಸಿರಾಡುವುದನ್ನೇ ಮರೆಯುತ್ತದೆ. ನರ್ಸು ಅಂಗಾಲಿಗೆ ಬೆರಳಲ್ಲಿ ತಟ್ಟುತ್ತಾಳೆ. ಮತ್ತೆ ಎದೆ ಏಳುತ್ತದೆ. ಆ ಅಂಗಾಲಿಗೆ ದೃಷ್ಟಿಯಾಗಬಾರದೆಂದು ನಾನೇ ಕಾಡಿಗೆ ಬೊಟ್ಟು ಇಟ್ಟಿದ್ದೆ. ಇನ್ನೂ ಪೂರಾ ಹೋಗಿಲ್ಲ. ದೃಷ್ಟಿ ಹಾಕಿದವರು ಹೊರಗಿನವರಲ್ಲ.

ಆದರೆ ಉಗುರು ತಿಳಿಯಾಗಿದೆ. ಗಾಜಿನಾಚೆಯಿಂದಲೇ ಕಂಡಿತು.

ಕೋಮಲ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾಳೆ. ಹೊಲಿಗೆ ಎಳೆಯುತ್ತಿದೆ, ಆದರೂ ಒರಗುವುದಿಲ್ಲ. ಮಲೀಕೊ ಅಂದೆ.

"ಮಲಗಿದ್ಕೇ ಅಲ್ವಾ ಅತ್ತೆ ಇಂಗಾಗಿದ್ದು."

ಅದಕ್ಕಲ್ಲ ಮಗಳೇ ಅನ್ನಬೇಕಿತ್ತು. ಕಾಫಿ ತರುತ್ತೇನೆ ಅಂತ ಎದ್ದು ಹೋದೆ.

೨೮ ನವೆಂಬರ್

ಸ್ಟೆಂಟು ಹಾಕಿದರು. ಪೆನ್ನಿನ ರೀಫಿಲ್ಲಿಗಿಂತ ಸಣ್ಣದಂತೆ. ತೂಬಿಗೆ ಕೊಳವೆ ಕೂರಿಸಿದ ಹಾಗೆ. ಹನಿ ಔಷಧಿ ನಿಲ್ಲಿಸಿದರು. ಶಾಂತರಾಜು ಅತ್ತ. ನನಗೆ ಅಳುವ ಅಧಿಕಾರ ಇರಲಿಲ್ಲ.

೯ ಡಿಸೆಂಬರ್, ಮಂಗಳವಾರ

ಡಿಸ್ಚಾರ್ಜ್ ಅಂದರು. ಮಂಗಳವಾರ! ಶಾಂತರಾಜು ನನ್ನ ಮುಖ ನೋಡಿದ. ಬ್ಯಾಗು ನಾನೇ ಮೊದಲು ಎತ್ತಿಕೊಂಡೆ. ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ ಮನೆ ಮುಟ್ಟಿದೆವು.

ಡಾಕ್ಟರು ಹೇಳಿದ್ದು ಬರೆದಿಡುತ್ತೇನೆ. ಆಸ್ಪಿರಿನ್ ಮಾತ್ರೆ ನೀರಲ್ಲಿ ಕರಗಿಸಿ, ಸಿರಿಂಜಿನಲ್ಲಿ ಗುರುತು ಹಾಕಿದ ಗೆರೆವರೆಗೆ, ದಿನಕ್ಕೊಂದು ಸಲ. ಕೊಳವೆಯಲ್ಲಿ ರಕ್ತ ಕಟ್ಟದಿರಲಿ ಅಂತ. ಬಜೆ, ಜಾಯಿಕಾಯಿ ಏನೂ ತೇಯ್ದು ಕುಡಿಸಬಾರದು. ದಿನಾ ಬೆಳಿಗ್ಗೆ ಕಾಲಿಗೆ ಅದೇ ಕ್ಲಿಪ್ಪಿನ ಮೆಷಿನ್ ಹಾಕಿ ರಕ್ತದ ಆಕ್ಸಿಜನ್ ನಂಬರ್ ಬರೆಯಬೇಕು. ನಮ್ಮದು ನಿಮ್ಮದು ನೂರರ ಹತ್ತಿರ ಇರುತ್ತದೆ. ಈ ಮಗುವಿಗೆ ಎಂಬತ್ತು ಅಂದರೆ ಚೆನ್ನಾಗಿದೆ ಅಂತ. ಎಪ್ಪತ್ತೈದಕ್ಕಿಂತ ಇಳಿದರೆ ತಕ್ಷಣ ಫೋನು. ದೊಡ್ಡ ಆಪರೇಷನ್ ಮುಂದಿನ ವರ್ಷ. ಬಣ್ಣ ಒಂದು ಚೂರು ಬದಲಾದರೂ ಹೇಳಬೇಕು. ಮುಚ್ಚಿಡಬಾರದು.

ಮುಚ್ಚಿಡಬಾರದು ಅನ್ನುವಾಗ ಅವಳು ನನ್ನನ್ನು ನೋಡಲಿಲ್ಲ. ನೋಡಿದಳು ಅಂತ ನನಗೇ ಅನಿಸಿದ್ದು.

೧೨ ಡಿಸೆಂಬರ್

ಪಕ್ಕದ ಮನೆ ಮಹದೇವಿ ಬಂದು ನನ್ನ ಕೈ ಹಿಡಿದುಕೊಂಡಳು.

"ಬಸವ್ವ, ನಿನ್ ಕಣ್ಣು ಬುಡು, ಅದ್ದಿನ ಕಣ್ಣು. ನೀನು ನೋಡ್ದೆ ಓಗಿದ್ರೆ ಮಗು ಎಲ್ಲಿರ್ತಿತ್ತು?"

ಅಕ್ಕಿ ಆರಿಸುತ್ತಾ ಹೋದೆ. ಆಮೇಲೆ ಕೋಮಲನೂ ಅಂದಳು, "ಔದು ದೊಡ್ಡಮ್ಮ, ಅತ್ತೆ ಕೂಗ್ಕಂಡಿದ್ಕೇ ಉಳೀತು. ನಾನಾದ್ರೆ ಮಲಗೇ ಇದ್ದೆ."

ಮಲಗೇ ಇದ್ದೆ ಅನ್ನುತ್ತಾಳೆ. ಮನೆಗೆ ಬಂದ ಮೇಲೆ ಅವಳು ಮಲಗಿ ಹಾಲು ಕೊಟ್ಟದ್ದೇ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾಳೆ. ತೂಕಡಿಸಿ ಪಕ್ಕಕ್ಕೆ ವಾಲಬಾರದೆಂದು ಎರಡೂ ಕಡೆ ದಿಂಬು ಒತ್ತಿಕೊಂಡಿದ್ದಾಳೆ. ಕಣ್ಣ ಕೆಳಗೆ ಮಸಿ ಬಳಿದ ಹಾಗಿದೆ. ಇಪ್ಪತ್ತಮೂರು ವರ್ಷದವಳು.

ನನ್ನ ನಾಲಿಗೆ ಊರೆಲ್ಲರ ಮೇಲೆ ಹರಿಯುತ್ತದೆ. ನನ್ನ ಮೇಲೆ ಮಾತ್ರ ಹೊರಳುವುದಿಲ್ಲ.

೧೪ ಡಿಸೆಂಬರ್, ಭಾನುವಾರ

ಪ್ರೇಮಾ ಬಂದಳು. ಬುಧವಾರ ಅಂಗನವಾಡಿಯಲ್ಲಿ ತಾಯಂದಿರ ಸಭೆ. ಬಸುರಿಯರು, ಅವರ ಅತ್ತೆಯರು ಎಲ್ಲ ಬರುತ್ತಾರಂತೆ.

"ನೀವು ಬಂದು ಎಲ್ಡು ಮಾತು ಏಳ್ಬೇಕು ದೊಡ್ಡಬಸವ್ವ. ಬಣ್ಣ ನೋಡಿ ಎಂಗೆ ಕಂಡುಯಿಡುದ್ರಿ ಅಂತ. ನಾವು ಏಳುದ್ರೆ ಯಾರೂ ಕೇಳಲ್ಲ. ನೀವು ಏಳುದ್ರೆ ಕೇಳ್ತಾರೆ."

"ನಿನ್ನ ಬಾಗ್ಲಿಂದ ಓಡ್ಸಿದ್ನಲ್ಲೇ. ಅದ್ನೂ ಏಳ್ಲಾ?"

"ಅಯ್ಯ, ಅದ್ಯಾಕ್ ಬುಡಿ."

ಅದಕ್ಕಿಂತ ಹೆಚ್ಚಿನದು ಇದೆ ಅಂತ ಅವಳಿಗೆ ಗೊತ್ತಿಲ್ಲ. ಬರುತ್ತೇನೆ ಅಂದುಬಿಟ್ಟೆ. ಹೊಗಳಿದರೆ ಈಗಲೂ ಕಿವಿ ನಿಮಿರುತ್ತದೆ. ಥೂ.

ಹೋದ ತಿಂಗಳ ಇಪ್ಪತ್ತನೆಯ ತಾರೀಖಿನ ಹಾಳೆ ಹರಿಯೋಣ ಅಂತ ತೆಗೆದೆ. ಹರಿಯಲಿಲ್ಲ. ನೂರಾ ಹನ್ನೆರಡು ಹೆಸರು ಬರೆದವಳು. ಅದರಲ್ಲಿ ಮೂರು ಮಕ್ಕಳು ಹೀಗೇ ನೀಲಿಯಾಗಿ ಹೋದವು. ಮೂರರ ಮುಂದೆಯೂ ಬರೆದಿದ್ದೇನೆ — ಗ್ರಹ ಬಡಿಯಿತು. ಆ ತಾಯಂದಿರಿಗೆ ನಾನು ಏನೇನು ಅಂದಿದ್ದೆ...

ಬುಧವಾರದೊಳಗೆ ಕೋಮಲನಿಗೆ ಹೇಳಬೇಕು. ಅವಳಿಗೆ ಹೇಳದೆ ಊರ ಮುಂದೆ ನಿಲ್ಲಲಾರೆ. ಹೇಳಿದ ಮೇಲೆ ಮಗುವನ್ನು ನನ್ನ ಕೈಗೆ ಕೊಡುತ್ತಾಳೋ ಇಲ್ಲವೋ.

೧೬ ಡಿಸೆಂಬರ್, ಮಂಗಳವಾರ. ಬೆಳಿಗ್ಗೆ ಹತ್ತು

ಹೇಳಿದೆ. ಬಾಯಿಂದ ಬರಲಿಲ್ಲ. ಮಗು ನನ್ನ ಕಾಲ ಮೇಲಿತ್ತು, ಕೋಮಲ ನೀರು ಹೊಯ್ಯಲು ನಿಂತಿದ್ದಳು. "ಒಳೀಕೋಗಿ ನನ್ ಡೈರಿ ತಕಬಾ" ಅಂದೆ. ತಂದಳು. ಇಪ್ಪತ್ತನೆಯ ತಾರೀಖು ತೆಗೆಸಿ ಓದು ಅಂದೆ. ನಿಂತುಕೊಂಡೇ ಓದಿದಳು. ಎರಡು ಸಲ ಓದಿದಳು.

"ಗುರುವಾರವೇ ನೋಡಿದ್ರಾ?"

"ಔದು."

"ಎಲ್ಡು ದಿನ?"

"ಔದು ಕಣವ್ವ. ನೀನು ಮಲಗಿ ಕುಡ್ಸಿದ್ಕಲ್ಲ. ಅದು ಉಟ್ಟುವಾಗ್ಲೇ ಇದ್ದದ್ದು. ನಾನು ಮುಚ್ಚಿಟ್ಟೆ."

ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಬಗ್ಗಿ, ಎಣ್ಣೆ ಮೈಯ ಮಗುವನ್ನು ಹಾಗೇ ನನ್ನ ಕಾಲ ಮೇಲಿಂದ ಎತ್ತಿಕೊಂಡು ಒಳಗೆ ಹೋದಳು. ಹಂಡೆಯ ನೀರು ಆರಿತು. ಕಾಲು ನೀಡಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ.

೧೭ ಡಿಸೆಂಬರ್

ಸಭೆಗೆ ಹೋದೆ. ಎಲ್ಲವನ್ನೂ ಹೇಳಿದೆ. ನರ್ಸಿಗೆ ಅಂದದ್ದು, ಕ್ಲಿಪ್ಪು, ನಾಲ್ಕು ಗಂಟೆ, ಅರಿಶಿನ. ಮಹದೇವಿ ನೆಲ ನೋಡಿದಳು. ಹಿಂದೆ ಕೂತಿದ್ದ ಒಬ್ಬಳು — ಆ ಮೂವರಲ್ಲಿ ಒಂದು ಮಗುವಿನ ತಾಯಿ — ನಡುವೆಯೇ ಎದ್ದು ಹೊರಗೆ ಹೋದಳು. ಅವಳ ಹಿಂದೆ ಹೋಗಲಿಲ್ಲ. ನಾಳೆ ಹೋಗಬೇಕು, ಅವಳ ಮನೆಗೆ.

ಬಂದು ನೋಡಿದರೆ ಕೋಣೆಯ ಕಿಟಕಿ ತೆರೆದಿತ್ತು. ಕೋಮಲ ಮಗುವನ್ನು ಪಕ್ಕದಲ್ಲಿ ಹಾಕಿಕೊಂಡು, ಮಲಗಿ, ಹಾಲು ಕೊಡುತ್ತಿದ್ದಳು. ದಿಂಬುಗಳು ಗೋಡೆಯ ಕಡೆ ಬಿದ್ದಿದ್ದವು. ನನ್ನನ್ನು ನೋಡಿ ಆ ಕಡೆ ಹೊರಳಿದಳು. ಹೊರಳಲಿ.

೨೭ ಡಿಸೆಂಬರ್, ಶನಿವಾರ. ಬೆಳಿಗ್ಗೆ ಏಳು

ಹತ್ತು ದಿನ ಅವಳೇ ಎರೆದಳು. ನಾನು ಒಲೆಗೆ ಸೌದೆ ಹಾಕಿದೆ. ಮಾತು ಅಂದರೆ ಉಪ್ಪು, ಸಾರು, ಬಾಗಿಲು ಹಾಕಿ — ಅಷ್ಟೇ.

ಇವತ್ತು ಬಚ್ಚಲಿಂದ ಕರೆದಳು. "ನೀರು ಉಯ್ಯಕ್ಕೆ ಬನ್ನಿ."

ಅವಳೇ ಕಾಲು ನೀಡಿ ಕೂತಿದ್ದಳು. ಮಗು ಅವಳ ಕಾಲ ಮೇಲೆ. ಅರಿಶಿನದ ಬಟ್ಟಲು ಇಲ್ಲ. ನಾನು ಚೊಂಬು ಎತ್ತಿದೆ. ತಾಳಿ ಅಂದಳು. ಮಗುವಿನ ಮುಷ್ಟಿ ಬಿಡಿಸಿ ಬೆಳಕಿಗೆ ಹಿಡಿದಳು.

"ನೋಡಿ ಏಳಿ. ಯಾವ ಬಣ್ಣ?"

ಬಗ್ಗಿ ನೋಡಿದೆ. ಕನ್ನಡಕ ತಂದು ಮತ್ತೆ ನೋಡಿದೆ. "ಚೆಂದಾಗದೆ" ಅನ್ನಲು ನಾಲಿಗೆ ತುದಿಗೆ ಬಂತು. ಅನ್ನಲಿಲ್ಲ.

"ಒಂಬತ್ತು ಚೆಂದಾಗವೆ. ಎಡಗೈ ಕಿರುಬೆಳ್ಳು ಒಂಚೂರು ಮಸುಕು. ತಂಡಿಗೋ ಏನೋ ನಂಗೆ ಗೊತ್ತಿಲ್ಲ."

ನೀರು ಹೊಯ್ಯಲಿಲ್ಲ. ಬಟ್ಟೆ ಸುತ್ತಿ ಒಳಗೆ ಕರೆತಂದೆವು. ಕೋಮಲ ಕಾಲಿಗೆ ಮೆಷಿನ್ ಹಾಕಿದ್ದಾಳೆ. "ನಾನು ಓದ್ತೀನಿ, ನೀವು ಬರ್ಕಳಿ" ಅಂದಳು. ಡೈರಿ ಮೊಣಕಾಲ ಮೇಲಿದೆ. ನಂಬರ್ ಓಡುತ್ತಿದೆ, ಇನ್ನೂ ನಿಂತಿಲ್ಲ. ಈಗ ನಿಂತಿತು. ಓದುತ್ತಿದ್ದಾಳೆ —

ಎಂಬತ್ತೊಂದು.