ಬೆಲ್ಲ ಕಲಸಿದ ಗೋಡೆ

ತೋಲ್ಪೆಟ್ಟಿ
ಮೇ 14, ಗುರುವಾರ

ನನ್ನ ಮುದ್ದು ರಜಿಷ,

ಇದನ್ನು ಓದುವ ಮೊದಲು ಕುಳಿತುಕೋ ಮಗಳೇ, ತುಂಬು ಬಸುರಿ ನಿಂತು ಓದಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ಅಪ್ಪ ಚೆನ್ನಾಗಿದ್ದಾರೆ, ನಾನೂ ಇದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕಿ ಮಾತಾಡುತ್ತೀ, ಪಕ್ಕದಲ್ಲಿ ನಿನ್ನ ಅತ್ತೆ ಇರುತ್ತಾರೆ. ಅದಕ್ಕೇ ಈ ಕಾಗದವನ್ನು ಜೀಪಿನ ಶಿಬು ಕೈಯಲ್ಲಿ ಕುಟ್ಟದ ನಿನ್ನ ಮನೆಗೆ ಕಳಿಸುತ್ತಿದ್ದೇನೆ. ಐದನೇ ಕ್ಲಾಸಿಗೆ ಬಿಟ್ಟ ಕನ್ನಡ, ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು.

ಭಾನುವಾರ ಬರಬೇಡ.

ನಿನ್ನ ಬಾಣಂತನಕ್ಕೆಂದು ಅಪ್ಪ ಮನೆಯ ಹಿಂದೆ ಕಟ್ಟುತ್ತಿದ್ದ ಕೋಣೆಯ ಗೋಡೆ ಬಿದ್ದಿದೆ. ಬೇಸಿಗೆಯಿಡೀ ಅವರು ಮಿಲ್ಲಿನಿಂದ ಸಿಲ್ವರ್ ಓಕಿನ ತುಂಡುಗಳನ್ನು ಹೊತ್ತು ತಂದಿದ್ದರು. ಸಿಪ್ಪೆ ಸುಲಿದು, ಬಿಸಿಲಿಗೆ ಒಣಗಿಸಿ, ಸೌದೆ ಒಟ್ಟಿದ ಹಾಗೆ ಅಡ್ಡಡ್ಡ ಇಟ್ಟು ನಡುವೆ ಗದ್ದೆಯ ಜೇಡಿಮಣ್ಣು ತುಂಬಿ ಕಟ್ಟಿದ್ದು. ಕೆಲಸಕ್ಕೆ ಬಂದಿದ್ದ ವೆಳ್ಳನ್ ಮಣ್ಣಿಗೆ ಹುಲ್ಲು, ಮರಳು ಹಾಕಿ ತುಳಿಯುತ್ತಿದ್ದ. ಅಷ್ಟೇ ಸಾಕು ಅಂತಲೂ ಹೇಳಿದ್ದ.

ನನ್ನ ಜೀವಕ್ಕೆ ಸಾಕಾಗಲಿಲ್ಲ. ಒಣಗಿದ ಮೇಲೆ ಮರ ಬೇರೆ, ಮಣ್ಣು ಬೇರೆ ಆದರೆ? ಸಂದಿಯಿಂದ ಮಗುವಿಗೆ ಗಾಳಿ ಹೊಡೆದರೆ? ಹಾವು ಬಂದರೆ? ನನ್ನ ಅಜ್ಜಿ ಗೋಡೆಯ ಗಾರೆಗೆ ಬೆಲ್ಲದ ನೀರು ಬೆರೆಸಿದ್ದು ನೆನಪಿತ್ತು. ಅಪ್ಪನೂ ವೆಳ್ಳನ್ನೂ ಊಟಕ್ಕೆ ಕುಳಿತಾಗ, ಅಟ್ಟದಲ್ಲಿ ಕರಗಿ ಹುಳಿ ಬಂದಿದ್ದ ಬೆಲ್ಲವನ್ನು ನೀರು ಮಾಡಿ ಮಣ್ಣಿನ ಗುಡ್ಡೆಗೆ ಸುರಿದೆ. ಯಾರಿಗೂ ಹೇಳಲಿಲ್ಲ. ಅಜ್ಜಿಯ ಮನೆ ಪೇಟೆಯಲ್ಲಿತ್ತು, ನಮ್ಮದು ಕಾಡಿನ ಅಂಚು. ಅಷ್ಟು ಯೋಚನೆ ಮಾಡುವ ನನಗೆ ಇದೊಂದು ಹೊಳೆಯಲಿಲ್ಲ ನೋಡು.

ಸೋಮವಾರ ಬೆಳಕು ಹರಿಯುವಾಗ ಆನೆ ಬಂತು. ಕಡ್ಡಿಪೆಟ್ಟಿಗೆಯಿಂದ ಕಡ್ಡಿ ಎಳೆದ ಹಾಗೆ ತುಂಡುಗಳನ್ನು ಒಂದೊಂದಾಗಿ ಎಳೆದು ಪಕ್ಕಕ್ಕಿಟ್ಟು ಮಣ್ಣು ತಿನ್ನುತ್ತಿತ್ತು. ಅವಸರವೇ ಇರಲಿಲ್ಲ ಅದಕ್ಕೆ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಮಗು ಮಲಗಬೇಕಿದ್ದ ಜಾಗಕ್ಕೇ ಸೊಂಡಿಲು ಹೋಗಿ ಬರುತ್ತಿತ್ತು.

ಆಮೇಲೆ ಫಾರೆಸ್ಟಿನ ವಾಚರ್ ಸುಜೀಶ್ ಬಂದು ನೋಡಿ ನಕ್ಕ. "ಎಂದಾ ಚೇಚಿ, ಏನಕ್ಕಾ ಇದು, ಗೋಡೆಗೆ ಪಾಯಸ ಬಡಿಸಿದ್ರಾ? ಎಲೆ ನೆಕ್ಕಿದಂಗೆ ನೆಕ್ಕಿ ಹೋಗಿದೆ" ಅಂದ. ಆಗಲೇ ನನಗೆ ಬೆಲ್ಲ ನೆನಪಾಗಿದ್ದು. ಅಪ್ಪ ಹಲಸಿನ ಮರವನ್ನು ಬೈದರು, ಹಣ್ಣಿನ ವಾಸನೆಗೆ ಬಂದಿದೆ ಅಂತ. ಆಮೇಲೆ ನನ್ನ ಕಡೆ ತಿರುಗಿ, "ಒಂದು ಮೂಲೆ ತಾನೇ ಲೀಲಾ? ಮಿಕ್ಕ ಮಣ್ಣಲ್ಲಿ ಮುಚ್ಚಿಬಿಡ್ತೀನಿ. ರಜಿಷ ಮೋಳು ಬರೋದ್ರೊಳಗೆ ಅಲ್ಲೇ ಮಂಚ ಹಾಕ್ಬೇಕು" ಅಂದರು. ಅದೂ ಅದೇ ಬೆಲ್ಲದ ಮಣ್ಣು ಮಗಳೇ. ಬೆಲ್ಲ ಸುರಿದಿದ್ದನ್ನು ಹೇಳಲು ನನಗೆ ಮನಸ್ಸು ಬರಲಿಲ್ಲ. ಅವರ ಅಂಗೈ ನೋಡಿದ್ದರೆ ನಿನಗೂ ಬರುತ್ತಿರಲಿಲ್ಲ, ಪೂರ್ತಿ ಬೊಬ್ಬೆ.

ಮಂಗಳವಾರ ಅವರು ತಿರುನೆಲ್ಲಿಗೆ ಮದುವೆಗೆ ಹೋಗಿ ಸಂಜೆ ಬಸ್ಸಿಳಿದು ಬರುವಷ್ಟರಲ್ಲಿ ಗೋಡೆ ಪೂರ್ತಿ ನೆಲಕ್ಕೆ ಬಿದ್ದಿತ್ತು. ಆನೆ ಮತ್ತೆ ಬಂತಲ್ಲ ಅಂದರು. ನಿನಗೆಂದು ತಂದಿಟ್ಟಿದ್ದ ಮಡಿಸುವ ಮಂಚವನ್ನು ತಾವೇ ಒಳಗೆ ಹೊತ್ತುಕೊಂಡು ಹೋಗಿ ಮಡಿಸಿಟ್ಟರು.

ನೀನು ಸೀದಾ ಮಾನಂದವಾಡಿಗೆ, ಸುಪ್ರಿಯಾ ಚಿಕ್ಕಮ್ಮನ ಮನೆಗೆ ಹೋಗು. ಆಸ್ಪತ್ರೆಯೂ ಹತ್ತಿರ. ನಾನು ಅಲ್ಲಿಗೇ ಬಂದು ಬಾಣಂತನ ಮಾಡುತ್ತೇನೆ. ತವರಿಗೆ ಒಂದು ಗೋಡೆಯೂ ಗತಿಯಿಲ್ಲ ಅಂತ ಅತ್ತೆ ಅಂದರೆ ಅನ್ನಲಿ. ಕೇಳಿಸಿಕೊಂಡು ಸುಮ್ಮನಿರು. ಜೀಪಿನಲ್ಲಿ ಮುಂದಿನ ಸೀಟಿನಲ್ಲೇ ಕುಳಿತುಕೋ. ನೀರು ಕಾಯಿಸಿಯೇ ಕುಡಿ.

ನಿನ್ನದೇ ಚಿಂತೆಯಲ್ಲಿರುವ
ಅಮ್ಮ ಲೀಲ

ಮರೆತಿದ್ದೆ: ಆನೆ ಎರಡನೇ ಸಲ ಬರಲಿಲ್ಲ. ಅಪ್ಪ ಬಸ್ಸು ಹತ್ತಿದ ಕೂಡಲೇ ಹಾರೆ ಹಿಡಿದು ಉಳಿದ ಗೋಡೆಯನ್ನು ಕೆಡವಿದವಳು ನಾನು. ಸುಲಭಕ್ಕೆ ಬೀಳಲಿಲ್ಲ ಮಗಳೇ, ಮಧ್ಯಾಹ್ನ ದಾಟಿತು. ಅಷ್ಟು ಗಟ್ಟಿಯಾಗಿ ಕಟ್ಟಿದ್ದರು ನಿನ್ನ ಅಪ್ಪ.